ಗುಲಾಬಿಗೆ ಊಟದ ಹೊತ್ತು

ಮನೆಯ ಮುಂದೆ ಒಂದು ಗುಲಾಬಿಯ ಗಿಡವಿರಬೇಕೆಂಬ ಆಸೆ ನಮ್ಮಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಉಂಟು. ದೇವರ ಮುಡಿಗೆ ಒಂದು, ಮನೆಯ ಹೆಣ್ಣುಮಕ್ಕಳ ಜಡೆಗೆ ಒಂದು, ಬಂದ ನೆಂಟರ ಕೈಗೆ ಒಂದು ಎಂದು ತಮ್ಮ ಅಂಗಳದಿಂದಲೇ ಹೂ ಕೊಯ್ದು ಕೊಡುವ ಸಂತೋಷವು ಪೇಟೆಯಿಂದ ತಂದ ಬುಟ್ಟಿ ಹೂವಿನಲ್ಲಿ ದೊರೆಯುವುದಿಲ್ಲ. ಚಿಕ್ಕಬಳ್ಳಾಪುರದ ಸುತ್ತಮುತ್ತ ಎಕರೆಗಟ್ಟಲೆ ಗುಲಾಬಿಯನ್ನು ಬೆಳೆದು ಮಾರುಕಟ್ಟೆಗೆ ಕಳುಹಿಸುವ ರೈತರಿದ್ದಾರೆ. ಆ ಬೇಸಾಯದ ಮಾತು ಬೇರೆ. ನಾವು ಇಲ್ಲಿ ಬರೆಯಹೊರಟಿರುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ನಾಲ್ಕಾರು ಗಿಡಗಳನ್ನು ಅಂಗಳದಲ್ಲೊ ಹಿತ್ತಲಿನಲ್ಲೊ ಸಾಕಿಕೊಂಡಿರುವ ಗೃಹಸ್ಥರಿಗಾಗಿ.

ಗುಲಾಬಿಯ ಮಾತು ಬಂದಾಗಲೆಲ್ಲ ಜನರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಏನು ಗೊಬ್ಬರ ಹಾಕಬೇಕು?” “ಯಾವಾಗ ಹಾಕಬೇಕು, ಯಾವಾಗ ಹಾಕಬಾರದು?” ಎಂದು ಕೇಳುವವರು ವಿರಳ. ನಿಜ ಹೇಳುವುದಾದರೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಇದನ್ನು ನಾವು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಶಿಡ್ಲಘಟ್ಟದ ಒಂದು ಮನೆಯ ಹಿತ್ತಿಲಿನಲ್ಲಿ ಕಲಿತೆವು.

ಹಿತ್ತಿಲಿನ ಗೋಡೆ

ಕೆಲವು ವರ್ಷಗಳ ಹಿಂದೆ ಮಾಘಮಾಸದಲ್ಲಿ ನಾವು ಆ ಮನೆಗೆ ಹೋಗಿದ್ದೆವು. ಮನೆಯ ಸೊಸೆ ಗುಲಾಬಿಯನ್ನು ಬಹು ಪ್ರೀತಿಯಿಂದ ಸಾಕಿದ್ದರು. ಆದರೆ ಹದಿನಾರು ಗಿಡಗಳಲ್ಲಿ ಹೂವು ಎರಡೋ ಮೂರೋ ಮಾತ್ರ. ಎಲೆಗಳೋ ಅಂಗೈಯಗಲ, ಕಡುಹಸುರು. ಕುಡಿಗಳು ನೀರುಂಡ ಸೊಪ್ಪಿನಂತೆ ಮೆತ್ತಗಿದ್ದು, ಅವುಗಳ ಮೇಲೆಲ್ಲ ಹಸುರು ಹೇನುಗಳು ಮುತ್ತಿದ್ದುವು. ವಿಚಾರಿಸಲಾಗಿ, ಪ್ರತಿ ಶುಕ್ರವಾರವೂ ಒಂದೊಂದು ಗಿಡಕ್ಕೆ ಒಂದೊಂದು ಹಿಡಿ ಯೂರಿಯ ಬೀಳುತ್ತಿದ್ದುದು ತಿಳಿದುಬಂತು. ಅವರ ಯಜಮಾನರು ಅಂಗಡಿಯಿಂದ ಹುಳುವಿನ ಔಷಧವನ್ನೂ ಸಿಂಪಡಿಸುವ ಡಬ್ಬಿಯನ್ನೂ ಆಗಲೆ ತಂದಿಟ್ಟಿದ್ದರು.

ಆಗ ಜಗುಲಿಯ ಮೇಲೆ ಕುಳಿತಿದ್ದ ಮುದುಕಿ, ಮನೆಯೊಡೆಯರ ತಾಯಿ, ಎದ್ದು ಬಂದರು. “ಬೇಡಪ್ಪಾ, ಗೋಡೆಯಾಚೆ ಅವರ ಸೊಪ್ಪಿನ ತೋಟವಿದೆ. ಅವರ ಮನೆಯಲ್ಲಿ ಹುಳು ನಾಲ್ಕನೆಯ ಜ್ವರ ಎದ್ದು ಮೂರು ದಿನವಾಯಿತು. ಹೋದ ವರ್ಷದ್ದು ಸಾಲದೆ?” ಎಂದರು.

ಹೋದ ವರ್ಷ ನಡೆದದ್ದು ಇಷ್ಟು. ಹೀಗೆಯೇ ಗುಲಾಬಿಗೆ ಔಷಧ ಹೊಡೆದ ಮಾರನೆಯ ದಿನ, ಗೋಡೆಯಾಚೆಯ ತೋಟದ ಸೊಪ್ಪನ್ನು ತಿಂದ ಹುಳುಗಳು ಹಸುರು ನೀರನ್ನು ಕಕ್ಕಿ, ತಲೆಯನ್ನು ಅತ್ತಿತ್ತ ಹೊರಳಿಸಿ ಸತ್ತುಹೋದುವು. ಗೂಡು ಕಟ್ಟಲು ಒಂದು ವಾರವೂ ಉಳಿದಿರಲಿಲ್ಲ. ತುಂತುರು ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕುಳಿತಿತೆಂದು ಆ ಮನೆಯವರು. ತಮ್ಮಿಂದಲ್ಲವೆಂದು ಈ ಮನೆಯವರು. ಮೂವತ್ತು ವರ್ಷ ಮಜ್ಜಿಗೆ ಹೆಪ್ಪನ್ನು ಕೊಟ್ಟು ತಂದು ಬಾಳಿದ ಎರಡು ಮನೆಗಳ ನಡುವೆ ಆರು ತಿಂಗಳು ಮಾತಿರಲಿಲ್ಲ.

ವಾಚಕರು ಗಮನಿಸಬೇಕು. ಮನಸ್ತಾಪಕ್ಕೆ ಕಾರಣ ಔಷಧವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಔಷಧ ಬೇಕಾದದ್ದು ಹೇನು ಬಂದುದರಿಂದ. ಹೇನು ಆ ಪರಿ ಮುತ್ತಿದ್ದು ಕುಡಿ ಮಿತಿಮೀರಿ ಮೆತ್ತಗಾದುದರಿಂದ. ಕುಡಿ ಹಾಗಾದದ್ದು ವಾರವಾರವೂ ಯೂರಿಯ ಸುರಿದುದರಿಂದ. ಹೀಗೆ ಒಂದು ಹಿಡಿ ಗೊಬ್ಬರವು ಕೊನೆಗೆ ನೆರೆಮನೆಯ ಅನ್ನವನ್ನು ಮುಟ್ಟಿತು. ಶಿಡ್ಲಘಟ್ಟದಲ್ಲಿ ನಾಡಿನ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು ಇದೆ. ಊರ ಸುತ್ತ ಹಿಪ್ಪುನೇರಳೆಯ ತೋಟವಿಲ್ಲದ ದಿಕ್ಕಿಲ್ಲ. ಇಂಥ ಸೀಮೆಯಲ್ಲಿ ಗುಲಾಬಿಗೆ ಮಿತವಾಗಿ ಉಣಿಸುವುದು ಕೇವಲ ಹೂವಿನ ಪ್ರಶ್ನೆಯಲ್ಲ, ನೆರೆಹೊರೆಯ ಪ್ರಶ್ನೆ.

ಆ ದಿನ ಮುದುಕಿಯು ಇನ್ನೊಂದು ಮಾತನ್ನೂ ಹೇಳಿದರು. “ಹುಳು ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕುತ್ತೇವೆಯೆ? ಎದ್ದ ಮೇಲೆ ತಾನೆ ಹಾಕುವುದು? ಗಿಡಕ್ಕೆ ಮಾತ್ರ ಹೊತ್ತಿಲ್ಲ ಗೊತ್ತಿಲ್ಲ.” ರೇಷ್ಮೆಯ ಹುಳು ತನ್ನ ಜೀವಮಾನದಲ್ಲಿ ನಾಲ್ಕು ಬಾರಿ ಪೊರೆ ಬಿಡುತ್ತದೆ. ಅದನ್ನೇ ಜ್ವರವೆನ್ನುವುದು. ಆ ಹೊತ್ತಿನಲ್ಲಿ ಅದು ತಲೆಯೆತ್ತಿ ಅಲುಗದೆ ಇರುತ್ತದೆ, ತಿನ್ನುವುದಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲಾದರೋ, ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕು ಆ ಕೆಲವೇ ದಿನಗಳಲ್ಲಿ ತಿಂದು ತೀರಿಸುತ್ತದೆ. ಗುಲಾಬಿಗೂ ಹೀಗೆಯೇ ಉಣ್ಣುವ ಹೊತ್ತು ಬೇರೆ, ಕೂತಿರುವ ಹೊತ್ತು ಬೇರೆ.

ಗಿಡ ಉಣ್ಣುವುದೇನು?

ಎಲೆ ಕುಡಿಗಳಿಗೆ ಸಾರಜನಕ, ಬೇರಿಗೆ ಮತ್ತು ಮೊಗ್ಗು ಕಟ್ಟುವುದಕ್ಕೆ ರಂಜಕ, ಕಾಂಡದ ಗಟ್ಟಿತನಕ್ಕೂ ಹೂವಿನ ಬಣ್ಣಕ್ಕೂ ಪೊಟ್ಯಾಷ್. ಇವು ಮೂರು ಮುಖ್ಯವಾದ ಆಹಾರಗಳು. ಇವಲ್ಲದೆ ಕಬ್ಬಿಣ, ಮೆಗ್ನೀಸಿಯಂ ಮೊದಲಾದುವು ಉಪ್ಪಿನಕಾಯಿಯಂತೆ ಸ್ವಲ್ಪಸ್ವಲ್ಪ ಬೇಕು. ೧೮೪೦ರಲ್ಲಿ ಕೃಷಿರಸಾಯನದ ಪ್ರಸಿದ್ಧ ಗ್ರಂಥವನ್ನು ಬರೆದ ಜರ್ಮನಿಯ ವಿಜ್ಞಾನಿ ಲೀಬಿಗ್ ಎಂಬಾತನ ಹೆಸರಿನಲ್ಲಿ ಒಂದು ನಿಯಮ ಪ್ರಸಿದ್ಧವಾಗಿದೆ: ಯಾವ ಆಹಾರವು ಎಲ್ಲಕ್ಕಿಂತ ಕಡಮೆಯಾಗಿದೆಯೋ ಅದೇ ಗಿಡದ ಬೆಳವಣಿಗೆಯನ್ನು ತಡೆಯುತ್ತದೆ. ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ತೊಟ್ಟಿಯಲ್ಲಿ ಒಂದು ಪಟ್ಟಿ ಗಿಡ್ಡವಾದರೆ ನೀರು ಆ ಮಟ್ಟಕ್ಕೇ ನಿಲ್ಲುತ್ತದಷ್ಟೆ. ಉಳಿದ ಪಟ್ಟಿಗಳನ್ನು ಎಷ್ಟು ಎತ್ತರಿಸಿದರೇನು? ಕಬ್ಬಿಣ ಸಾಲದ ಗಿಡಕ್ಕೆ ಸಾರಜನಕವನ್ನು ಸುರಿಯುವುದು ಇಂಥದೇ ಕೆಲಸ.

ಆದುದರಿಂದ ಗೊಬ್ಬರಕ್ಕೆ ಕೈಹಾಕುವ ಮೊದಲು ಎಲೆಯನ್ನು ನೋಡಿರಿ. ಕೆಳಗಿನ ಹಳೆಯ ಎಲೆಗಳು ಒಂದೇ ಸಮನಾಗಿ ಬಿಳಿಚಿಕೊಂಡರೆ ಸಾರಜನಕದ ಕೊರತೆಯಿರಬಹುದು. ತುದಿಯ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಕಬ್ಬಿಣ ಸಾಲದೆಂದು ತಿಳಿಯಬೇಕು. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಸಾಲದಿರಬಹುದು, ಇಲ್ಲವೆ ಮಣ್ಣಿನಲ್ಲಿ ಉಪ್ಪು ಹೆಚ್ಚಿರಬಹುದು. ಹೊಸದಾಗಿ ನೆಟ್ಟ ಗಿಡಕ್ಕೆ, ಬಾಡಿದ ಗಿಡಕ್ಕೆ, ಒಣಗಿದ ಮಣ್ಣಿಗೆ ಗೊಬ್ಬರವನ್ನು ಹಾಕಲೇ ಬಾರದು. ಕಸಿಯ ಗಿಡವಾದರೆ ಕಸಿಗಂಟಿನ ಕೆಳಗಿನಿಂದ ಎದ್ದ ಕಾಡುಚಿಗುರನ್ನು ಬುಡಸಹಿತ ಕಿತ್ತುಹಾಕಿರಿ. ಇಲ್ಲವಾದರೆ ನೀವಿಟ್ಟ ಊಟವನ್ನೆಲ್ಲ ಅದೇ ಉಂಡುಬಿಡುತ್ತದೆ.

ಕಾರ್ತಿಕದ ಹಬ್ಬದೂಟ

ನಮ್ಮ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ೭೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬೀಳುತ್ತದೆ. ಸ್ವಾತಿಯ ಮಳೆ ತಗ್ಗಿ ಬಿಸಿಲು ನಿಂತ ಮೇಲೆ, ಅಂದರೆ ಅಕ್ಟೋಬರಿನ ಕೊನೆಯಿಂದ ನವೆಂಬರಿನ ನಡುವಿನವರೆಗೆ, ಗುಲಾಬಿಯನ್ನು ಸವರುವ ಕಾಲ. ಮಳೆ ಹನಿಯುತ್ತಿರುವಾಗ ಸವರಿದರೆ ಕೊಯ್ದ ಬಾಯಿಂದ ಕಾಂಡ ಕಪ್ಪಾಗಿ ಕೆಳಕ್ಕೆ ಒಣಗುತ್ತ ಬರುತ್ತದೆ.

ಒಣಗಿದ, ಬಡವಾದ, ಒಂದಕ್ಕೊಂದು ತಿಕ್ಕುವ ರೆಂಬೆಗಳನ್ನು ತೆಗೆದು, ಉಳಿದವನ್ನು ಹೊರಮುಖವಾದ ಕಣ್ಣಿನ ಮೇಲೆ ಕತ್ತರಿಸಿರಿ. ಬುಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ಮೇಲುಮಣ್ಣನ್ನು ನಾಲ್ಕು ಬೆರಳಿನಷ್ಟು ಮಾತ್ರ ಕೆದಕಿರಿ. ಆಳಕ್ಕೆ ಅಗೆದರೆ ಉಣ್ಣುವ ಬೇರೇ ಹರಿದೀತು. ದೊಡ್ಡ ಗಿಡವೊಂದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನಾಲ್ಕೈದು ಕಿಲೋ, ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ೧೦೦ ಗ್ರಾಂ, ಸೂಪರ್ ಫಾಸ್ಫೇಟ್ ೫೦ ಗ್ರಾಂ ಬೆರಸಿ ಮಣ್ಣು ಮುಚ್ಚಿ ನೀರು ಕೊಡಿರಿ. ಗೊಬ್ಬರ ಕಳಿತಿದೆಯೆ ಎಂಬುದಕ್ಕೆ ಮೂಗೇ ಪರೀಕ್ಷಕ: ಸಗಣಿಯ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಹಸಿಯ ಸಗಣಿಯನ್ನು ಬುಡಕ್ಕೆ ಸುರಿದರೆ ಬೇರು ಬೇಯುತ್ತದೆ, ಗೊಣ್ಣೆಹುಳುವೂ ಸೇರುತ್ತದೆ.

ಸವರಿದ ದಿನವೇ ಖಾರವಾದ ರಾಸಾಯನಿಕ ಗೊಬ್ಬರವನ್ನು ಹಾಕಬೇಡಿರಿ. ಎಲೆಯಿಲ್ಲದ ಗಿಡ ಆಗ ಜ್ವರಕ್ಕೆ ಕೂತ ಹುಳುವಿನಂತೆ. ಎರಡು ಮೂರು ವಾರಗಳಲ್ಲಿ ಕೆಂಪು ಚಿಗುರು ಒಂದು ಬೆರಳುದ್ದ ಬಂದಾಗ ಅದು ಎದ್ದಿತೆಂದು ತಿಳಿಯಿರಿ. ಆಗ ಅಮೋನಿಯಂ ಸಲ್ಫೇಟ್ ಒಂದು ಚಮಚ, ಪೊಟ್ಯಾಸಿಯಂ ಸಲ್ಫೇಟ್ ಒಂದು ಚಮಚ, ಸುಮಾರು ಹತ್ತು ಹತ್ತು ಗ್ರಾಂ, ನೆನೆದ ಮಣ್ಣಿನ ಮೇಲೆ ಬುಡಕ್ಕೆ ತಾಕದಂತೆ ಉದುರಿಸಿ ಮತ್ತೆ ನೀರು ಹಾಯಿಸಿರಿ. ಮುಂದೆ ಹದಿನೈದು ದಿನಕ್ಕೊಮ್ಮೆ ತಿಳಿಗೊಬ್ಬರ ಸಾಕು. ಒಂದು ಕಿಲೋ ಕಡಲೆಕಾಯಿ ಹಿಂಡಿಯನ್ನು ಹತ್ತು ಲೀಟರ್ ನೀರಿನಲ್ಲಿ ಒಂದು ವಾರ ಕೊಳೆಹಾಕಿ, ಬಸಿದು, ಹತ್ತರಷ್ಟು ನೀರು ಬೆರಸಿದರೆ ಅದು ಸಿದ್ಧ. ಗಿಡಕ್ಕೆ ಒಂದೆರಡು ಲೀಟರ್ ಹಾಕಬಹುದು. ಕಡಲೆಕಾಯಿ ಬೆಳೆಯುವ ಚಿಂತಾಮಣಿಯ ಕಡೆಯವರಿಗೆ ಹಿಂಡಿಯನ್ನು ದೂರ ಹುಡುಕಬೇಕಾಗಿಲ್ಲ.

ಮೊಗ್ಗು ಬಣ್ಣ ತೋರಿದೊಡನೆ ಊಟವನ್ನು ನಿಲ್ಲಿಸಬೇಕು. ಸವರಿದ ಆರರಿಂದ ಎಂಟು ವಾರಗಳಲ್ಲಿ ಹೂ ಅರಳುತ್ತವೆ. ಸಂಕ್ರಾಂತಿಯ ಹೊತ್ತಿಗೆ ಹೂ ಬೇಕೆನ್ನುವವರು ಈ ಲೆಕ್ಕವನ್ನು ನೋಡಿ ಸವರಲಿ. ಅರಳಿ ಬಾಡಿದ ಹೂವನ್ನು ಐದೆಲೆಯ ಗೆಣ್ಣಿನವರೆಗೆ ಕತ್ತರಿಸಿ ಮತ್ತೊಮ್ಮೆ ತಿಳಿಗೊಬ್ಬರ ಕೊಟ್ಟರೆ ಎರಡನೆಯ ಸರದಿ ಬರುತ್ತದೆ. ನಂದಿಯ ತಪ್ಪಲಿನಲ್ಲಿ ಮಂಜು ಬೀಳುವ ಡಿಸೆಂಬರ್ ಜನವರಿಗಳಲ್ಲಿ ಎಲೆಯ ಮೇಲೆ ಬೂದಿರೋಗ ಬರುವುದುಂಟು. ಆಗ ಸಾರಜನಕವನ್ನು ಕೊಡುವುದು ರೋಗಕ್ಕೇ ಊಟವಿಟ್ಟಂತೆ.

ಬೇಸಗೆಯ ಉಪವಾಸ, ಮುಂಗಾರಿನ ಫಲಾಹಾರ

ಮಾರ್ಚಿಯಿಂದ ಮೇ ತನಕ ಗಿಡ ದಣಿದಿರುತ್ತದೆ. ಗೌರಿಬಿದನೂರು ಉಳಿದ ಮೂರು ಊರುಗಳಿಗಿಂತ ತಗ್ಗಿನಲ್ಲಿದ್ದು ಬಿಸಿಲು ಹೆಚ್ಚು. ಅಲ್ಲಿಯವರು ಫೆಬ್ರವರಿಯ ಕೊನೆಗೇ ಊಟವನ್ನು ಕಡಮೆ ಮಾಡುವುದು ಲೇಸು. ಈ ಕಾಲದಲ್ಲಿ ಬೇಕಾದುದು ಗೊಬ್ಬರವಲ್ಲ, ನೆರಳು ಮತ್ತು ಹಾಸು. ಒಣಗಿದ ಎಲೆ, ಕಡಲೆಕಾಯಿಯ ಸಿಪ್ಪೆ, ಜೋಳದ ದಂಟಿನ ತುಂಡು, ಯಾವುದು ಸಿಕ್ಕಿದರೂ ಮೂರು ಬೆರಳು ದಪ್ಪಕ್ಕೆ ಹಾಸಿರಿ. ರಾಗಿಯ ಹುಲ್ಲನ್ನು ಮಾತ್ರ ಹಾಸಬೇಡಿರಿ. ಅದು ದನದ ಬಾಯಿಗೆ ಸೇರಬೇಕಾದುದು.

ಜೂನಿನಲ್ಲಿ ಮೃಗಶಿರೆಯ ಮಳೆ ಬಿದ್ದು ಮಣ್ಣು ಒಂದು ಗೇಣು ನೆನೆದ ಮೇಲೆ ಗಿಡ ಎಚ್ಚರುತ್ತದೆ. ಆಗ ತುದಿಗಳನ್ನು ಹಗುರಾಗಿ ಸವರಿ, ಕಾರ್ತಿಕದಲ್ಲಿ ಹೇಳಿದುದರ ಅರ್ಧದಷ್ಟು ಕೊಡಿರಿ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಮತ್ತೆ ಕೈ ಬಿಗಿಹಿಡಿಯಬೇಕು. ನಮ್ಮ ಕೆಂಪು ಮರಳುಮಣ್ಣಿನಲ್ಲಿ ಜಡಿಮಳೆಗೆ ಮುಂಚೆ ಹಾಕಿದ ಯೂರಿಯ ಬೇರಿಗೆ ಸಿಕ್ಕದೆ ಕೆಳಕ್ಕೆ ಇಳಿದುಹೋಗುತ್ತದೆ. ಹಣವೂ ಹೋಯಿತು, ಅಂತರ್ಜಲವೂ ಕೆಟ್ಟಿತು. ನೀರು ನಿಲ್ಲದಂತೆ ಕಾಲುವೆ ತೆಗೆಯುವುದು, ಕಪ್ಪು ಚುಕ್ಕೆ ಬಿದ್ದು ಉದುರಿದ ಎಲೆಗಳನ್ನು ಗುಡಿಸಿ ಸುಡುವುದು, ಇವೇ ಆ ತಿಂಗಳುಗಳ ಸೇವೆ.

ಕುಂಡದ ಗಿಡಗಳಿಗೆ ಎಲ್ಲ ಕಾಲದಲ್ಲಿಯೂ ಮೇಲಿನ ಪ್ರಮಾಣದ ಕಾಲುಭಾಗ ಸಾಕು.

ಬೋರ್‌ವೆಲ್ಲಿನ ನೀರು ಮತ್ತು ಹಳದಿ ಎಲೆ

ಇನ್ನು ಈ ಸೀಮೆಗೇ ವಿಶೇಷವಾದ ಒಂದು ಸಂಗತಿ. ಇಲ್ಲಿ ಬಹುಜನರ ಮನೆಗೆ ಬರುವುದು ಆಳದ ಬೋರ್‌ವೆಲ್ಲಿನ ಗಡಸು ನೀರು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೋಡದ ಗೃಹಿಣಿಯಿಲ್ಲ. ಅದೇ ಸುಣ್ಣದ ಅಂಶವು ವರ್ಷಾನುಗಟ್ಟಲೆ ಗುಲಾಬಿಯ ಬುಡದಲ್ಲಿಯೂ ಕೂಡುತ್ತ ಬಂದು ಮಣ್ಣನ್ನು ಕ್ಷಾರವಾಗಿಸುತ್ತದೆ. ಕ್ಷಾರಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕದ ರೂಪವನ್ನು ತಾಳುತ್ತದೆ. ಕೆಂಪುಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಆ ಮಣ್ಣಿನಲ್ಲಿ ನಿಂತು ಗಿಡವು ಕಬ್ಬಿಣವಿಲ್ಲದೆ ಹಳದಿಯಾಗುತ್ತದೆ! ಕಣಜದ ಬೀಗದ ಕೈ ಕಳೆದುಕೊಂಡು ಹಸಿದವನ ಪಾಡು.

ಈ ವಿಷಯದಲ್ಲಿ ನಾವೇ ಒಮ್ಮೆ ಮೋಸಹೋದೆವು. ನಮ್ಮ ಅಂಗಳದ ಗಿಡದ ಎಳೆಯ ಎಲೆ ಹಳದಿಯಾದಾಗ, ಹಿರಿಯರ ರೂಢಿಯಂತೆ ಒಲೆಯ ಬೂದಿಯನ್ನೂ ಮೂಳೆಯ ಗೊಬ್ಬರವನ್ನೂ ತಿಂಗಳುಗಟ್ಟಲೆ ಹಾಕಿದೆವು. ಎಲೆ ಇನ್ನೂ ಬಿಳಿಚಿತು. ಬೂದಿ ತಾನೇ ಕ್ಷಾರ. ಮೂಳೆಯ ಗೊಬ್ಬರವಾದರೋ ಕ್ಷಾರಮಣ್ಣಿನಲ್ಲಿ ಕರಗುವುದೇ ಇಲ್ಲ. ಹಿರಿಯರ ಮಾತು ತಪ್ಪಲ್ಲ. ಅವರು ಕೆರೆಬಾವಿಗಳ ಮೇಲುನೀರನ್ನು ಹಾಕುತ್ತಿದ್ದರು, ನಾವು ಪಾತಾಳದ ನೀರನ್ನು ಹಾಕುತ್ತಿದ್ದೇವೆ. ನೀರು ಬದಲಾದ ಮೇಲೆ ಗೊಬ್ಬರದ ರೂಢಿಯೂ ಬದಲಾಗಬೇಕಲ್ಲವೆ? ಮೇಲೆ ನಾವು ಮೂಳೆಯ ಬದಲು ಸೂಪರ್ ಫಾಸ್ಫೇಟನ್ನೂ, ಯೂರಿಯಕ್ಕೆ ಬದಲು ಮಣ್ಣಿನ ಕ್ಷಾರವನ್ನು ತಗ್ಗಿಸುವ ಅಮೋನಿಯಂ ಸಲ್ಫೇಟನ್ನೂ ಹೇಳಿದುದು ಈ ಕಾರಣದಿಂದಲೇ.

ಹಳದಿಯಾದ ಗಿಡಕ್ಕೆ ತಕ್ಷಣದ ಮದ್ದು ಅನ್ನಭೇದಿ. ಒಂದು ಲೀಟರ್ ಮಳೆನೀರಿನಲ್ಲಿ ಅರ್ಧ ನಿಂಬೆಹಣ್ಣಿನ ರಸವನ್ನು ಹಿಂಡಿ, ಐದು ಗ್ರಾಂ ಮೀರದಂತೆ ಅನ್ನಭೇದಿಯನ್ನು ಕರಗಿಸಿ, ಸಂಜೆಯ ಹೊತ್ತು ಎಲೆಗಳ ಮೇಲೆ ಚಿಮುಕಿಸಿರಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ನೆಲದ ಕಲ್ಲಿಗೂ ಬಟ್ಟೆಗೂ ತಾಕಿದರೆ ಕಲೆ ಹೋಗುವುದಿಲ್ಲವೆಂಬುದು ನೆನಪಿರಲಿ. ಆದರೆ ಇದು ತಾತ್ಕಾಲಿಕ ಶಮನ. ಶಾಶ್ವತವಾದ ಉಪಾಯ ಮಳೆನೀರೇ. ಹತ್ತು ಚದರ ಮೀಟರ್ ಮಾಡಿನ ಮೇಲೆ ೧೦ ಮಿಲಿಮೀಟರ್ ಮಳೆ ಬಿದ್ದರೆ ೧೦೦ ಲೀಟರ್ ನೀರು. ಒಂದೆರಡು ಪೀಪಾಯಿಗಳನ್ನು ಸೂರಿನ ಕೆಳಗಿಟ್ಟು ಹಿಡಿದರೂ ಕುಂಡಗಳಿಗೆ ತಿಂಗಳಿಗೊಮ್ಮೆ ಧಾರಾಳವಾಗಿ ಹಾಕಿ ಕೂಡಿದ ಉಪ್ಪನ್ನು ತೊಳೆಯಬಹುದು. ಕಳಿತ ಎಲೆಗೊಬ್ಬರವೂ ಮೆಲ್ಲಮೆಲ್ಲನೆ ಮಣ್ಣನ್ನು ಸರಿಪಡಿಸುತ್ತದೆ. ಸಂದೇಹವಿದ್ದವರು ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ನೀರುಗಳ ಪರೀಕ್ಷೆಯ ವಿಚಾರವನ್ನು ಕೇಳಿ ತಿಳಿಯಬಹುದು.

ಹುಳುವಿನ ಮನೆಯ ಕೊಡುಗೆ

ರೇಷ್ಮೆಯ ಸೀಮೆ ಗುಲಾಬಿಗೆ ಒಂದು ನಿರ್ಬಂಧವನ್ನು ಹಾಕುವಂತೆ ಒಂದು ವರವನ್ನೂ ಕೊಟ್ಟಿದೆ. ಹುಳುವಿನ ಹಿಕ್ಕೆ ಮತ್ತು ತಿಂದುಳಿದ ಸೊಪ್ಪು ಸಾರಜನಕ ತುಂಬಿದ ಒಳ್ಳೆಯ ಗೊಬ್ಬರ. ಆದರೆ ಅದನ್ನು ಹಸಿಯಾಗಿ ತಂದು ಬುಡಕ್ಕೆ ಸುರಿಯಬಾರದು. ಹುಳುವಿನ ತಟ್ಟೆಗೆ ರೋಗ ಬಾರದಂತೆ ಸುಣ್ಣವನ್ನು ಉದುರಿಸುವ ವಾಡಿಕೆಯುಂಟು. ನಮ್ಮ ಮಣ್ಣಿಗೆ ಸುಣ್ಣ ಮೊದಲೇ ಹೆಚ್ಚು. ಅಲ್ಲದೆ ಕಸದಲ್ಲಿ ಹುಳುವಿನ ರೋಗಗಳ ಬೀಜವೂ ಊಜಿ ನೊಣದ ಮರಿಯೂ ಅಡಗಿರಬಹುದು. ಆದುದರಿಂದ ಹುಳುವಿನ ಮನೆಗೆ ದೂರವಾಗಿ ಗುಂಡಿಯಲ್ಲಿ ಕೊಟ್ಟಿಗೆ ಗೊಬ್ಬರದೊಡನೆ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ನಾಲ್ಕೈದು ತಿಂಗಳು ಕೊಳೆಯಲು ಬಿಡಬೇಕು. ಅನಂತರ ಅದನ್ನು ಕೊಟ್ಟಿಗೆ ಗೊಬ್ಬರದ ಬದಲು ಬಳಸಬಹುದು.

ಹೇನು ಬಂದರೇನು ಮಾಡುವುದೆಂದು ಕೇಳುವಿರಿ. ಮಿತವಾಗಿ ಉಂಡ ಗಿಡಕ್ಕೆ ಅದು ಬರುವುದೇ ಕಡಮೆ. ಬಂದರೆ ಬೆಳಿಗ್ಗೆ ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯಿರಿ, ಕೈಯಿಂದ ಒರಸಿರಿ. ಹೇನನ್ನು ತಿನ್ನುವ ಗುಲಗಂಜಿಹುಳುವನ್ನು ಕೊಲ್ಲಬೇಡಿರಿ. ಮನೆಮದ್ದು ತಾನೆ ಎಂದು ಹೊಗೆಸೊಪ್ಪಿನ ಕಷಾಯವನ್ನೊ ಬೇವಿನೆಣ್ಣೆಯನ್ನೊ ಸೊಪ್ಪಿನ ತೋಟದ ಮಗ್ಗುಲಲ್ಲಿ ಸಿಂಪಡಿಸಬಾರದು. ಇವೂ ರೇಷ್ಮೆಯ ಹುಳುವಿಗೆ ವಿಷವೇ. ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರಸಿದರೆ ಅಡ್ಡಿಯಿಲ್ಲ.

ಆ ಮಾಘದಲ್ಲಿ ಶಿಡ್ಲಘಟ್ಟದ ಮನೆಯ ಸೊಸೆ ತಮ್ಮ ಅತ್ತೆಯ ಮಾತಿನಂತೆ ಔಷಧದ ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಿದರು. ಯೂರಿಯದ ಚೀಲದ ಬಾಯನ್ನು ಕಟ್ಟಿದರು. ಹೇನು ಮುತ್ತಿದ ಕುಡಿಗಳನ್ನು ಕತ್ತರಿಸಿಹಾಕಿ, ಎರಡು ತಿಂಗಳು ಗಿಡಕ್ಕೆ ನೀರಿನ ಹೊರತು ಬೇರೇನನ್ನೂ ಕೊಡಲಿಲ್ಲ. ಮುಂದಿನ ಸಂಕ್ರಾಂತಿಯ ಮರುದಿನ ನಾವು ಅಲ್ಲಿಗೆ ಹೋದಾಗ ಎಲೆ ಮೊದಲಿಗಿಂತ ಚಿಕ್ಕದಾಗಿತ್ತು, ಕಾಂಡ ಗಟ್ಟಿಯಾಗಿತ್ತು. ಹೂವು ಗಿಡಕ್ಕೆ ಏಳೆಂಟು. ಮುದುಕಿ ಒಂದು ಬಟ್ಟಲು ಎಳ್ಳುಬೆಲ್ಲದ ಮೇಲೆ ಎರಡು ಗುಲಾಬಿಯನ್ನಿಟ್ಟು ಮೊಮ್ಮಗಳ ಕೈಯಲ್ಲಿ ಗೋಡೆಯಾಚೆಗೆ ಕಳುಹಿಸಿದರು. ಹುಡುಗಿ ಹಿಂದಿರುಗಿ ಬರುವಾಗ ಬಟ್ಟಲಿನಲ್ಲಿ ಅವರ ಮನೆಯ ಎಳ್ಳುಬೆಲ್ಲವಿತ್ತು. ಕಳಿತ ಹಿಕ್ಕೆಯ ಗೊಬ್ಬರ ಒಂದು ಮಂಕರಿ ಇದೆ, ಬೇಕಾದರೆ ಬಂದು ಹೊತ್ತುಕೊಂಡು ಹೋಗಿ ಎಂಬ ಮಾತೂ ಬಂದಿತ್ತು.

ಪ್ರಿಯ ವಾಚಕರೇ, ಈ ಸಲ ಸ್ವಾತಿಯ ಮಳೆ ಮುಗಿದೊಡನೆ ನಿಮ್ಮ ಗಿಡವನ್ನು ಸವರಿ ಊಟಕ್ಕಿಡಿರಿ. ಆದರೆ ಗೊಬ್ಬರದ ಬುಟ್ಟಿಗೆ ಕೈಯಿಡುವ ಮೊದಲು ಗಿಡ ಜ್ವರಕ್ಕೆ ಕೂತಿದೆಯೋ, ಎದ್ದಿದೆಯೋ ಎಂಬುದನ್ನು ಒಂದು ಗಳಿಗೆ ನಿಂತು ನೋಡಿರಿ.